ಕಪ್ಪಿಲ್ಲದ ರಂಗಿನ ಡಬ್ಬಿ

ನಮ್ಮ ಜೋರಾಪುರ ಪೇಟೆಯ ಮನೆಯಲ್ಲಿ ಮೂರು ಜಾತಿಯ ನೀರಿತ್ತು. ಎಂಟು ದಿನಕ್ಕೊಮ್ಮೆ ಬರುವ ನಳದ ನೀರು ಕುಡಿಯಲಿಕ್ಕೆ, ಅಡುಗೆಗೆ. ಬೋರಿನ ಸವಳು ನೀರು ಬಟ್ಟೆಗೆ, ಪಾತ್ರೆಗೆ, ನಮ್ಮ ಮೈಗೆ. ಮೂರನೆಯದು ಅಪ್ಪನ ನೀರು. ಮಳೆ ಬಂದಾಗ ಅಪ್ಪ ಅಂಗಳದಲ್ಲಿ ನಾಲ್ಕು ಗೂಟಕ್ಕೆ ತನ್ನ ಹಳೆಯ ಧೋತರ ಕಟ್ಟಿ, ನಡುವೆ ಒಂದು ಗುಂಡುಕಲ್ಲು ಇಟ್ಟು, ಅದರ ಕೆಳಗೆ ತಾಮ್ರದ ಕೊಡ ಇಡುತ್ತಿದ್ದ. ಧೋತರದಲ್ಲಿ ಸೋಸಿ ಬಿದ್ದ ಆ ನೀರನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ನಳ ಬರದೆ ಹತ್ತು ದಿನವಾಗಿ ಮನೆಮಂದಿಯೆಲ್ಲ ಬಾಯಿ ಬಾಯಿ ಬಿಟ್ಟರೂ ಅದರಲ್ಲಿ ಒಂದು ಗುಟುಕು ಸಿಗುತ್ತಿರಲಿಲ್ಲ. ಅದು ಜಲವರ್ಣದ ನೀರು. ಬೋರಿನ ನೀರಿನಲ್ಲಿ ರಂಗು ಕಲಸಿದರೆ ಕಾಗದ ಒಣಗಿದ ಮೇಲೆ ಉಪ್ಪು ಬೆಳ್ಳಗೆ ಎದ್ದು, ಚಿತ್ರದ ಮುಖಕ್ಕೆ ಚಿಬ್ಬು ಹತ್ತಿದ ಹಾಗೆ ಕಾಣುತ್ತಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಆ ಕೊಡ ನೋಡಿದಾಗಲೆಲ್ಲ ಗೊಣಗುತ್ತಿದ್ದಳು.

"ಮಂದಿ ದೇವರಿಗೆ ಮಡಿನೀರು ಇಡತಾರ. ನನ್ನ ಮಗ ಗೊಂಬಿಗೆ ಇಟ್ಟಾನ ನೋಡ್ರಿ."

"ದೇವರ ಮ್ಯಾಲ ಉಪ್ಪು ಏಳಂಗಿಲ್ಲ ಬೇ ಯವ್ವಾ. ಕಾಗದದ ಮ್ಯಾಲ ಏಳತೈತಿ."

ಅಪ್ಪ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಶಾಲೆಯಲ್ಲಿ ಕೊಡ, ಹೂಜಿ, ಮಾವಿನಕಾಯಿ ಬರೆಸುತ್ತಿದ್ದ, ಅದು ಹೊಟ್ಟೆಪಾಡು. ಅವನ ಜೀವ ಇದ್ದದ್ದು ರವಿವಾರದ ಮುಂಜಾನೆಯಲ್ಲಿ. ಪೇಟೆಯ ಐದಾರು ಹುಡುಗಿಯರು, ರೈಲು ಹಳಿ ದಾಟಿ ಇಬ್ರಾಹಿಂಪುರದಿಂದ ಬರುವ ಇಬ್ಬರು, ಮತ್ತು ನಾನು, ಪಡಸಾಲೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಅಪ್ಪ ಟ್ರಂಕಿನಿಂದ ಒಂದು ದಪ್ಪ ಪುಸ್ತಕ ತೆಗೆಯುತ್ತಿದ್ದ. ರದ್ದಿ ಅಂಗಡಿಯಲ್ಲಿ ಸಿಕ್ಕ ಫ್ರೆಂಚ್ ಪುಸ್ತಕ ಅದು; ಅವನಿಗೆ ಅದರ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಆದರೆ ಆ ಚಿತ್ರಗಳು! ಗುಲಾಬಿ ಮೋಡದ ಮೇಲೆ ಒರಗಿದ ದೇವತೆಯರು, ಹೂಮಾಲೆ ಹಿಡಿದು ಹಾರುವ ರೆಕ್ಕೆಯ ಕೂಸುಗಳು, ಶಂಖದ ಸುರುಳಿಯಂತೆ ಬಳುಕಿಕೊಂಡು ಹೋಗುವ ಗೆರೆಗಳು. ಮೈಮೇಲೆ ಬಟ್ಟೆ ಕಡಿಮೆ ಇದ್ದ ದೇವತೆಯರಿಗೆ ಅವ್ವ ಹಿಟ್ಟಿನ ಅಂಟು ಹಚ್ಚಿ ಕ್ಯಾಲೆಂಡರಿನ ತುಂಡು ಮೆತ್ತಿದ್ದಳು. ಹೀಗಾಗಿ ನಮ್ಮ ಪಾಲಿಗೆ ಗ್ರೀಕರ ದೇವತೆಯರ ಎದೆಯ ಮೇಲೆ ಅಮಾವಾಸ್ಯೆ, ಏಕಾದಶಿ ಎಲ್ಲ ಇದ್ದವು. ಈ ಶೈಲಿಗೆ ರೊಕೊಕೊ ಅನ್ನುತ್ತಾರೆ ಎಂದು ಅಪ್ಪ ಹೇಳಿದ ದಿನ ನಾವೆಲ್ಲ ಕೋಳಿಗಳ ಹಾಗೆ ಕೂಗಿ ಕೂಗಿ ನಕ್ಕಿದ್ದೆವು. ಅವನೂ ನಕ್ಕ. ಪಾಠ ಮಾಡುವಾಗ ಅಪ್ಪನಷ್ಟು ಚೆಂದದ ಮನುಷ್ಯನನ್ನು ನಾನು ಆಮೇಲೆ ನೋಡಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಹಳ ಇದೆ.

ಕತೆಯಿಲ್ಲದೆ ಅವನು ಕುಂಚ ಕೊಡುತ್ತಿರಲಿಲ್ಲ. ಮೊದಲು ಗ್ರೀಕ್ ಪುರಾಣದ ಒಂದು ಕತೆ, ಆಮೇಲೆ ಆ ಕತೆಯ ಚಿತ್ರ. ಒದ್ದೆ ಕಾಗದದ ಮೇಲೆ ಮೋಡ ಹೇಗೆ ತಾನೇ ಹರಡಿಕೊಳ್ಳುತ್ತದೆ, ಬೆರಳಿನ ತುದಿಯಲ್ಲಿ ಗುಲಾಬಿ ಎಷ್ಟಿರಬೇಕು, ಎಲ್ಲವನ್ನೂ ಕತೆಯ ಜೊತೆಗೇ ಕಲಿಸುತ್ತಿದ್ದ. ಬಿಳಿಯನ್ನು ಹಚ್ಚಬಾರದು, ಕಾಗದವನ್ನೇ ಬಿಳಿಯಾಗಿ ಉಳಿಸಬೇಕು ಎನ್ನುತ್ತಿದ್ದ. ಕಪ್ಪನ್ನಂತೂ ಮುಟ್ಟಲೇಬಾರದು. ಹುಡುಗಿಯರು ಹೊಸ ರಂಗಿನ ಡಬ್ಬಿ ತಂದ ದಿನವೇ ಅದರೊಳಗಿನ ಕಪ್ಪು ಬಿಲ್ಲೆಯನ್ನು ಚಾಕುವಿನ ತುದಿಯಿಂದ ಎಬ್ಬಿಸಿ ತೆಗೆದು, ಕಪಾಟಿನ ಮೇಲಿನ ಬಿಸ್ಕೀಟು ಡಬ್ಬಿಗೆ ಹಾಕುತ್ತಿದ್ದ. ನಮ್ಮೆಲ್ಲರ ಡಬ್ಬಿಯಲ್ಲೂ ಹಲ್ಲು ಬಿದ್ದ ಹಾಗೆ ಒಂದೊಂದು ಖಾಲಿ ಗುಳಿ.

"ನೆರಳಿಗೆ ನೀಲಿಯೊಳಗ ಈಟು ಗುಲಾಬಿ ಕೂಡಸ್ರಿ. ಈ ಚಿತ್ರದಾಗ ಕರಿ ಬಂತಂದ್ರ ಎಲ್ಲಾ ಹೊಲಸಾತು."

ನಾನು ಮೂರನೇ ಇಯತ್ತೆ ಓದುತ್ತಿದ್ದಾಗ ಶ್ರಾವಣದಲ್ಲಿ ಕಸ್ತೂರತ್ತಿ ಪಂಚಮಿಗೆ ಬಂದಳು. ಅಪ್ಪನ ಒಬ್ಬಳೇ ತಂಗಿ. ಸಾರವಾಡದ ತೋಟದ ಮನೆಗೆ ಕೊಟ್ಟು ಎರಡು ವರ್ಷವಾಗಿತ್ತು. ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ಕರೆತರುವುದು ನಮ್ಮ ಕಡೆಯ ಪದ್ಧತಿ. ಆದರೆ ಆ ಸಲ ಅಪ್ಪ ಹೊರಡುವ ಮೊದಲೇ ಅತ್ತಿ ತಾನೇ ಬಸ್ಸು ಹತ್ತಿ ಬಂದಿದ್ದಳು. ಜೋಕಾಲಿ ಕಟ್ಟಿದೆವು, ಶೇಂಗಾ ಉಂಡಿ ತಿಂದೆವು, ಹಬ್ಬ ಮುಗಿಯಿತು. ಓಣಿಯ ಹೆಣ್ಣುಮಕ್ಕಳೆಲ್ಲ ಗಂಡನ ಮನೆಗೆ ಹೋದರು. ಅತ್ತಿ ಹೋಗಲಿಲ್ಲ. ಅವಳ ಎಡಗೈಯ ಕಿರುಬೆರಳು ನೆಟ್ಟಗಾಗುತ್ತಿರಲಿಲ್ಲ. ಏನಾಗಿತ್ತು ಎಂದು ನಾನು ಕೇಳಿದರೆ ಬಾಗಿಲಲ್ಲಿ ಸಿಕ್ಕಿತ್ತು ಎಂದಳು. ದೊಡ್ಡವರು ಯಾರೂ ಕೇಳಲೇ ಇಲ್ಲ. ಎಲ್ಲರೂ ರೊಟ್ಟಿ ಬಡಿಯುವ ಆ ಕೈಯನ್ನು ನೋಡುತ್ತಿದ್ದರು, ಆಮೇಲೆ ತಮ್ಮ ತಾಟು ನೋಡಿಕೊಳ್ಳುತ್ತಿದ್ದರು.

ರವಿವಾರ ಅವಳು ಮೊದಮೊದಲು ನಮಗೆ ಮಳೆನೀರು ತಂದುಕೊಡಲು ಪಡಸಾಲೆಗೆ ಬರುತ್ತಿದ್ದಳು. ಮೂರನೆಯ ವಾರ ಚಾಪೆಯ ತುದಿಯಲ್ಲಿ ಕೂತಳು. ನಾಲ್ಕನೆಯ ವಾರ ಅಪ್ಪ ಅವಳ ಕೈಗೆ ಕುಂಚ ಕೊಟ್ಟ. ಅಬ್ಬಾ, ಆ ಬಲಗೈ! ನಾವು ಆರು ತಿಂಗಳಿಂದ ಒದ್ದಾಡುತ್ತಿದ್ದ ಮೋಡವನ್ನು ಅತ್ತಿ ಒಂದೇ ಉಸಿರಿಗೆ ಹಾಕಿ, ನಡುವೆ ಬಿಳಿ ಉಳಿಸಿ, ಕುಂಚ ಎತ್ತಿಬಿಟ್ಟಳು. ಅಪ್ಪ ಬಹಳ ಹೊತ್ತು ಅದನ್ನೇ ನೋಡಿ, ತನ್ನ ಒಳ್ಳೆಯ ಕುಂಚವನ್ನು ಅವಳಿಗೇ ಕೊಟ್ಟುಬಿಟ್ಟ. ಅಂದಿನಿಂದ ಅವಳ ಮಾತು ಹೆಚ್ಚಾಯಿತು, ಊಟವೂ ಹೆಚ್ಚಾಯಿತು. ನನಗೋ ಅವಳು ಇನ್ನು ಇಲ್ಲೇ ಇರುತ್ತಾಳೆ ಎಂದು ಖಾತ್ರಿಯಾಗಿ ಹೋಗಿತ್ತು.

ಗಣಪತಿ ಹಬ್ಬ ಕಳೆದ ಮೇಲೆ ಸಾರವಾಡದಿಂದ ಅತ್ತಿಯ ಗಂಡ, ನಮ್ಮ ಮಾಮಾ, ಮತ್ತು ಅವನ ತಾಯಿ ಬಂದರು. ಒಂದು ಬುಟ್ಟಿ ದಾಳಿಂಬೆ ತಂದಿದ್ದರು, ತಮ್ಮದೇ ತೋಟದವು. ಮಾಮಾ ಕುಡಿದು ಕೂಗಾಡುವ ಮನುಷ್ಯನಾಗಿದ್ದರೆ ಎಲ್ಲ ಸರಳವಾಗಿರುತ್ತಿತ್ತು. ಅವನು ಮೆತ್ತಗೆ ಮಾತಾಡುತ್ತಿದ್ದ, ನನಗೆ ರಿಬ್ಬನ್ ತಂದಿದ್ದ, ಆಯಿಯ ಕಾಲಿಗೆ ಬಿದ್ದ. ನನಗೆ ಅವನು ಇಷ್ಟವಾಗಿದ್ದ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಗೋಡೆಗೆ ಒರಗಿಸಿದ್ದ ಅತ್ತಿಯ ಚಿತ್ರ ನೋಡಿ ಅವನು ನಕ್ಕ.

"ಚಂದ ತಗದಿ. ಕೈ ಹುಷಾರ್ ನೋಡಕೋ ಮತ್ತ. ಬ್ರಶ್ ಹಿಡಿಯೂ ಕೈ."

ಅತ್ತಿ ಚಹಾದ ಬಸಿ ಕೆಳಗಿಟ್ಟು ಎರಡೂ ಕೈ ಸೆರಗಿನೊಳಗೆ ಸೇರಿಸಿದಳು. ಮಾಮಾನ ತಾಯಿ, ನಮ್ಮ ಬೀಗಿತ್ತಿ, ಬರುವ ಸೋಮವಾರ ಬಂದು ಸೊಸೆಯನ್ನು ಕರೆದೊಯ್ಯುತ್ತೇವೆ ಎಂದು ಹೇಳಿದಳು. ಆಯಿ ಆಗಲಿ ಎಂದಳು. ಅಪ್ಪ ಕಾಗದದ ಅಂಚಿನ ಧೂಳು ಒರೆಸುತ್ತಿದ್ದ.

ಅವರು ಹೋದ ಮರುದಿನ ಮಧ್ಯಾಹ್ನ ಅತ್ತಿ ಚಿತ್ರ ಬರೆಯುತ್ತ ಕೂತಿದ್ದಳು, ಕೈಯೆಲ್ಲ ರಂಗು. ನಾನು ದಾಳಿಂಬೆ ಬಿಡಿಸಿ ಒಂದೊಂದೇ ಕಾಳನ್ನು ಅವಳ ಬಾಯಿಗೆ ಹಾಕಿದೆ. ಆಟಕ್ಕೆಂದು ಎಣಿಸುತ್ತಲೂ ಇದ್ದೆ. ಇಪ್ಪತ್ತೊಂದಾಗುವ ಹೊತ್ತಿಗೆ ಅವಳು ಸಾಕು ಎಂದು ಮುಖ ತಿರುಗಿಸಿದಳು.

ಆ ರವಿವಾರ ಅಪ್ಪ ತೆಗೆದದ್ದು ಪರ್ಸೆಫೊನಿಯ ಚಿತ್ರ. ಆ ಹೆಸರು ನಾಲಿಗೆಗೆ ಹೊರಳದೆ ಆಯಿ ಅವಳನ್ನು ಪರಸವ್ವ ಮಾಡಿದ್ದಳು. ನಮಗೂ ಅದೇ ಹೆಸರು ನಿಂತಿತು. ಪರಸವ್ವ ಬೆಳೆಯ ದೇವತೆಯ ಮಗಳು. ಹೂ ಕೊಯ್ಯುತ್ತಿದ್ದವಳನ್ನು ಪಾತಾಳದ ರಾಜ ರಥದಲ್ಲಿ ಹಾಕಿಕೊಂಡು ಹೋದ. ತಾಯಿ ಹುಡುಕಿ ಹುಡುಕಿ ಹೈರಾಣಾದಳು, ಭೂಮಿಯ ಮೇಲೆ ಬೆಳೆ ನಿಂತುಹೋಯಿತು. ಕಡೆಗೆ ದೇವರುಗಳೆಲ್ಲ ಸೇರಿ ಮಗಳನ್ನು ಬಿಡಿಸಲು ಹೊರಟರೆ ಪಾತಾಳದವನು, ಇಲ್ಲಿಯ ಅನ್ನ ತಿಂದವರು ಹೊರಗೆ ಹೋಗುವ ಹಾಗಿಲ್ಲ, ಇವಳು ಆರು ದಾಳಿಂಬೆ ಕಾಳು ತಿಂದಿದ್ದಾಳೆ, ವರ್ಷಕ್ಕೆ ಆರು ತಿಂಗಳು ನನ್ನಲ್ಲೇ ಇರಬೇಕು ಎಂದ. ಅಪ್ಪ ಹೀಗೆ ಹೇಳುತ್ತಿದ್ದಾಗ ನಾನು ಬೆರಳಲ್ಲಿ ಲೆಕ್ಕ ಹಾಕಿದೆ. ಆರು ಕಾಳಿಗೆ ಆರು ತಿಂಗಳು. ನಾನು ಇಪ್ಪತ್ತೊಂದು ತಿನ್ನಿಸಿದ್ದೆ, ಅದೂ ಸಾರವಾಡದ ತೋಟದ ಹಣ್ಣು. ಯಾರಿಗೂ ಹೇಳಲಾರದೆ ಕುಂಚ ಹಿಡಿದು ಕೂತೆ. ಪುಸ್ತಕದ ಚಿತ್ರ ಮಾತ್ರ ಎಂದಿನ ಹಾಗೆ ಗುಲಾಬಿ, ತಿಳಿನೀಲಿ. ರಥದ ಸುತ್ತ ಹೂಮಾಲೆ, ರೆಕ್ಕೆಯ ಕೂಸುಗಳು. ಪರಸವ್ವ ರಾಜನ ತೋಳಿನಲ್ಲಿ ಬಳುಕಿ ಒರಗಿ ಮುಗುಳ್ನಗುತ್ತಿದ್ದಳು. ದಸರೆಗೆ ಶಾಲೆಯ ಪ್ರದರ್ಶನದಲ್ಲಿ ಇಡಲೆಂದು ಅಪ್ಪ ಅದನ್ನೇ ದೊಡ್ಡದಾಗಿ ಬರೆಯುತ್ತಿದ್ದ, ಒಂದು ತಿಂಗಳಿಂದ. ಅತ್ತಿ ಎರಡೂ ಚಿತ್ರಗಳನ್ನು ನೋಡಿದಳು.

"ಅಣ್ಣಾ, ಇಕಿ ಯಾಕ ಅಳವಲ್ಲಳು?"

"ಈ ಶೈಲಿಯೊಳಗ ಅಳೂ ಮಾರಿ ತಗಿಯಂಗಿಲ್ಲ ತಂಗಿ. ಎಲ್ಲಾ ಚಂದನ ಕಾಣಬೇಕು."

"ಹಂಗಾರ ಅಕಿ ಖುಷಿಲೆ ಹೊಂಟಾಳೇನು?"

ಇಬ್ರಾಹಿಂಪುರದ ಹುಡುಗಿಯೊಬ್ಬಳು ಕುಂಚ ತೊಳೆಯುತ್ತಿದ್ದವಳು ನಿಲ್ಲಿಸಿದಳು. ಅಪ್ಪ ಪುಸ್ತಕದ ಹಾಳೆ ಸರಿಮಾಡಿದ.

"ಕಾಗದ ಒಣಗಾಕತ್ತೈತಿ. ಲಗೂ ಲಗೂ ಆಕಾಶ ಹಾಕ್ರಿ ಎಲ್ಲಾರೂ."

ಸಂಜೆ ಊಟಕ್ಕೆ ಕೂತಾಗ ಅವ್ವ ರೊಟ್ಟಿ ಹಾಕುವುದನ್ನು ನಿಲ್ಲಿಸಿ ಅಪ್ಪನ ಮುಂದೆ ನಿಂತಳು. ನಮ್ಮ ಅವ್ವ ಆಯಿಯ ಎದುರು ಅಪ್ಪನಿಗೆ ಎದುರಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅತ್ತಿ ಒಲೆಯ ಹತ್ತಿರ ಕೂತಿದ್ದಳು, ಎಲ್ಲವೂ ಅವಳಿಗೆ ಕೇಳಿಸುತ್ತಿತ್ತು.

"ನೀವು ಒಂದ ಮಾತು ಹೇಳ್ರಿ. ಕಳಸಂಗಿಲ್ಲ ಅನ್ರಿ. ಸಾಕು."

"ಅವರ ಮನಿ ವಿಚಾರದಾಗ ನಾ ಏನಂತ ಬಾಯಿ ಹಾಕ್ಲಿ?"

"ಅಕಿ ಬೆರಳು ಕಂಡಿಲ್ಲೇನು ನಿಮಗ? ಚಿತ್ರದಾಗಿನ ಬೆರಳು ಈಟು ವಂಕ ಆದ್ರ ನಾಕ್ ಸರ್ತಿ ತಿದ್ದತೀರಿ."

"ಓಣಿ ಮಂದಿ ದಿನಾ ಕೇಳಾಕತ್ತಾರ," ಎಂದಳು ಆಯಿ. "ಯಾವಾಗ ಹೊಳ್ಳಿ ಹೋಕ್ಕಾಳ, ಯಾಕ ಬಂದಾಳ ಅಂತ. ನಾ ಏನ್ ಹೇಳ್ಲೆವ್ವಾ? ನನ್ನ ಹೊಟ್ಟಿ ಉರಿಯಂಗಿಲ್ಲೇನು?"

ಹಾಗೆ ಅನ್ನುವಾಗಲೂ ಅವಳು ಮೊರದಲ್ಲಿ ಉಡಿ ತುಂಬುವ ಅಕ್ಕಿಯನ್ನು ಆರಿಸುತ್ತಿದ್ದಳು. ಕಣ್ಣೀರು ಅಕ್ಕಿಯಲ್ಲಿ ಬೀಳುತ್ತಿತ್ತು, ಕೈ ಕಲ್ಲು ಹೆಕ್ಕುತ್ತಿತ್ತು. ಅಪ್ಪ ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದುಹೋದ.

ಸೋಮವಾರ ಮುಂಜಾನೆ ಬೀಗಿತ್ತಿ, ಮಾಮಾ ಇಬ್ಬರೂ ಬಂದರು. ಅತ್ತಿಗೆ ತಲೆ ಬಾಚಿ, ಹಸಿರು ಸೀರೆ ಉಡಿಸಿ, ಪಡಸಾಲೆಯಲ್ಲಿ ಮಣೆಯ ಮೇಲೆ ಕೂರಿಸಿದರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಸೆರಗಿನಲ್ಲಿ ಉಡಿ ತುಂಬಬೇಕು. ತುಂಬಿದ ಮೇಲೆ ಅವಳು ಹೊರಟ ಹಾಗೆಯೇ, ಮತ್ತೆ ಒಳಗೆ ಕೂರುವ ಮಾತಿಲ್ಲ. ಆಯಿ ತಟ್ಟೆ ತಂದಳು. ಅಕ್ಕಿ, ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು. ಅವುಗಳ ನಡುವೆ ಒಂದು ದಾಳಿಂಬೆ ಹಣ್ಣು. ಅದನ್ನು ನೋಡಿದ್ದೇ ನನಗೆ ತಡೆಯಲಾಗಲಿಲ್ಲ. ಓಡಿಹೋಗಿ ಆಯಿಯ ಕೈಯ ತಟ್ಟೆ ಹಿಡಿದು ಜಗ್ಗಿದೆ.

"ದಾಳಿಂಬ್ರಿ ಹಾಕಬ್ಯಾಡ ಬೇ ಆಯಿ! ನಾ ಆಗಲೇ ಇಪ್ಪತ್ತೊಂದು ಕಾಳು ತಿನಿಸೀನಿ! ಅತ್ತಿ ಪಾತಾಳದಾಗ ಇಪ್ಪತ್ತೊಂದು ತಿಂಗಳು ಇರಬೇಕಾಕ್ಕೈತಿ!"

ಅಕ್ಕಿ ನೆಲದ ಮೇಲೆಲ್ಲ ಚೆಲ್ಲಿತು. ಮಾಮಾ ಜೋರಾಗಿ ನಕ್ಕ. ಅವನ ತಾಯಿ ನಗಲಿಲ್ಲ.

"ಯಾವ ಪಾತಾಳ? ನಮ್ಮ ಮನಿ ಪಾತಾಳ ಅಂತ ಕಲಿಸೀರೇನ್ರಿ ಮಾಸ್ತರ ಈ ಹುಡುಗಿಗೆ?"

ಎಲ್ಲರೂ ಅಪ್ಪನ ಕಡೆ ತಿರುಗಿದರು. ಎಂಟು ವರ್ಷದ ನನಗೆ ಅದು ತಿಳಿಯಲಿಲ್ಲ, ಈಗ ಚೆನ್ನಾಗಿ ತಿಳಿಯುತ್ತದೆ: ಅಪ್ಪ ತಾನಾಗಿ ಎತ್ತಲಾರದ ಮಾತು ಅಂದು ತಾನೇ ಬಂದು ಅವನ ಬಾಯಿಯ ಮುಂದೆ ನಿಂತಿತ್ತು. ಹೌದು ಎಂದರೆ ಸಾಕಿತ್ತು. ಅತ್ತಿ ಮಣೆಯ ಮೇಲೆ ನೆಟ್ಟಗೆ ಕೂತು ಅಣ್ಣನ ಮುಖವನ್ನೇ ನೋಡುತ್ತಿದ್ದಳು, ರೆಪ್ಪೆ ಬಡಿಯದೆ. ಅವಳ ಬಲಗೈ ತೋರುಬೆರಳಿನ ತುದಿ ಕಪ್ಪಾಗಿತ್ತು, ಕಾಡಿಗೆ ಹಚ್ಚಿಕೊಂಡಿರಬೇಕು ಎಂದುಕೊಂಡೆ. ಅಪ್ಪ ಕೆಮ್ಮಿದ. ಆಮೇಲೆ ನಕ್ಕ.

"ಛೇ ಛೇ, ಅದು ಗ್ರೀಕರ ಕತಿ ರೀ. ಸುಮ್ಮನ ಕತಿ. ಹುಡುಗಿಗೆ ತಿಳಿಯಂಗಿಲ್ಲ."

ಅತ್ತಿ ಕಣ್ಣು ಕೆಳಗೆ ಮಾಡಿ ಸೆರಗು ಒಡ್ಡಿದಳು. ಆಯಿ ಬೇರೆ ಅಕ್ಕಿ ತಂದು ಉಡಿ ತುಂಬಿದಳು. ದಾಳಿಂಬೆಯನ್ನೂ ಹಾಕಿದಳು. ನನ್ನ ಬೆನ್ನಿಗೆ ಅವ್ವ ಎರಡು ಏಟು ಹಾಕಿ ಒಳಗೆ ಎಳೆದೊಯ್ದು, ಅಡುಗೆಮನೆಯಲ್ಲಿ ನನ್ನನ್ನು ತಬ್ಬಿಕೊಂಡು ತಾನೇ ಅತ್ತಳು. ಅವರು ಹೋದ ಮೇಲೆ ಅಪ್ಪ ತನ್ನ ದೊಡ್ಡ ಚಿತ್ರದ ಮೇಲಿನ ಬಟ್ಟೆ ಸರಿಸಿದ. ನಗುತ್ತಿದ್ದ ಪರಸವ್ವನ ಬಾಯಿಯ ಮೇಲೆ ಯಾರೋ ಬೆರಳಿನಿಂದ ಕಾಡಿಗೆ ಒತ್ತಿ ತಿರುವಿದ್ದರು. ಬಾಯಿ ಈಗ ದೊಡ್ಡದಾಗಿ, ಕಪ್ಪಾಗಿ ತೆರೆದುಕೊಂಡಿತ್ತು. ಆ ಹೂಮಾಲೆ, ಆ ಗುಲಾಬಿ ಮೋಡ, ಎಲ್ಲದರ ನಡುವೆ ಅವಳು ಕಿರುಚುತ್ತಿದ್ದಳು. ಅಪ್ಪ ಕೊಡ ತಂದು ಮಳೆನೀರಿನಲ್ಲಿ ಕುಂಚ ಅದ್ದಿ ಅದ್ದಿ ತೇಯ್ದ. ಜಲವರ್ಣವಾಗಿದ್ದರೆ ನೀರಿಗೆ ಏಳುತ್ತಿತ್ತು. ಆಯಿ ಎಣ್ಣೆದೀಪದ ಮಸಿ ಹಿಡಿದು ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆ ಅದು. ನೀರನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಸುತ್ತಲಿನ ಕೆನ್ನೆ, ಗಲ್ಲ ಎಲ್ಲ ತೊಳೆದುಹೋಗಿ ಬಾಯಿ ಮಾತ್ರ ಉಳಿಯಿತು. ಕೊಡದ ನೀರು ತೀರಿದ ಮೇಲೆ ಅಪ್ಪ ಚಿತ್ರವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟ.

ಮುಂದಿನ ರವಿವಾರ ಮತ್ತೆ ಪಾಠ ನಡೆಯಿತು, ಅದೇ ಶಂಖ, ಅದೇ ಹೂಮಾಲೆ. ಅದಕ್ಕೇ ಹೇಳಿದ್ದು, ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟಿದೆ ಎಂದು. ಈಗ ಅದೇ ಪಡಸಾಲೆಯಲ್ಲಿ ನಾನು ಜಲವರ್ಣ ಕಲಿಸುತ್ತೇನೆ, ಅವನು ಹೇಳಿಕೊಟ್ಟ ಹಾಗೆಯೇ ಕತೆ ಹೇಳಿ ಕಲಿಸುತ್ತೇನೆ, ನನ್ನ ಕೈಯಲ್ಲಿರುವುದೆಲ್ಲ ಅವನದೇ. ಆದರೂ ಹೊತ್ತಲ್ಲದ ಹೊತ್ತಿನಲ್ಲಿ ಆ ನಗು ನೆನಪಾಗಿ ಮೈ ಉರಿಯುತ್ತದೆ. ಆ ವರ್ಷವೆಲ್ಲ ನಾನು ಗೋಡೆಯ ಮೂಲೆಯಲ್ಲಿ ಸೀಮೆಸುಣ್ಣದಿಂದ ತಿಂಗಳಿಗೊಂದು ಗೆರೆ ಎಳೆದೆ. ಇಪ್ಪತ್ತೊಂದು ತುಂಬಿದರೆ ಅತ್ತಿ ಬರುತ್ತಾಳೆ. ಅಲ್ಲಿಯವರೆಗಿನ ತಪ್ಪೆಲ್ಲ ನನ್ನದು. ಹೀಗೆಂದು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ದಸರೆಗೆ ಅತ್ತಿ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಆರಾಮ ಇದ್ದಾಳೆ ಎಂದು ಸಾರವಾಡದ ಬಸ್ಸಿನಲ್ಲಿ ಬಂದವರು ಹೇಳುತ್ತಿದ್ದರು.

ಮತ್ತೆ ಶ್ರಾವಣ ಬಂತು. ಪದ್ಧತಿಯಂತೆ ಅಪ್ಪ ತಂಗಿಯನ್ನು ಪಂಚಮಿಗೆ ಕರೆತರಲು ಮುಂಜಾನೆಯ ಬಸ್ಸಿಗೆ ಹೋದ. ಮಧ್ಯಾಹ್ನ ಒಬ್ಬನೇ ಬಂದ. ಚಪ್ಪಲಿ ಕಳೆಯದೆ ಹೊಸ್ತಿಲ ಹೊರಗೇ ನಿಂತುಬಿಟ್ಟ. ಕಾಲು ತೊಳೆಯಲು ತಂಬಿಗೆ ಹಿಡಿದು ಅವ್ವ ಕಾದಳು.

"ಕಳಸಂಗಿಲ್ಲ ಅಂದ್ರು. ಅಕಿ ಬಾಗಲದಾಗ ನಿಂತಿದ್ದಳು. ಬಲಗೈ ಸೆರಗಿನಾಗ ಸುತ್ತಿಕೊಂಡಿದ್ದಳು. ಆರಾಮ ಅದೀನಿ ಹೋಗಣ್ಣಾ ಅಂದಳು. ನಗಾಕತ್ತಿದ್ದಳು ಬೇ ಯವ್ವಾ. ಥೇಟ್ ಆ ಚಿತ್ರದಾಗಿನಕಿ ನಕ್ಕಂಗ."

ಆಯಿ ಕೈಯಲ್ಲಿದ್ದ ಜೋಕಾಲಿಯ ಹಗ್ಗವನ್ನು ಕೆಳಗೆ ಹಾಕಿದಳು. ಅಪ್ಪನ ಕಣ್ಣು ತುಂಬಿದ್ದು ನೋಡಿ ನನಗೆ ಅವನನ್ನು ಸಮಾಧಾನ ಮಾಡಬೇಕು ಅನ್ನಿಸಿತು.

"ಅಳಬ್ಯಾಡ ಅಪ್ಪಾ. ಹತ್ತು ತಿಂಗಳು ಆಗ್ಯಾವ. ಇನ್ನ ಹನ್ನೊಂದ ಉಳದಾವ. ನಾ ಗ್ವಾಡಿ ಮ್ಯಾಲ ಬರದಿಟ್ಟೀನಿ."

ಅಪ್ಪ ನನ್ನನ್ನು ನೋಡಿದ. ಒಳಗೆ ಬಂದು ಗೋಡೆಯ ಮೂಲೆಯಲ್ಲಿ ಬಗ್ಗಿ ಆ ಹತ್ತು ಗೆರೆಗಳನ್ನು ನೋಡಿದ. ಪಡಸಾಲೆಯಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದ, ಆಯಿ ಬೈಯಲಿಲ್ಲ. ಗೋಡೆಗೆ ತಿರುಗಿಸಿದ್ದ ಚಿತ್ರವನ್ನು ಈ ಕಡೆ ತಿರುಗಿಸಿ ಇಟ್ಟು, ಹೊಳ್ಳಿ ಬಸ್ ಸ್ಟ್ಯಾಂಡಿನ ಕಡೆ ನಡೆದ. ಸಾರವಾಡದಲ್ಲಿ ಏನಾಯಿತು, ಅಪ್ಪ ಏನು ಹೇಳಿದ, ಅವರು ಏನಂದರು, ಅಪ್ಪನಾಗಲಿ ಅತ್ತಿಯಾಗಲಿ ಎಂದೂ ಬಾಯಿ ಬಿಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಪ್ಪನ ಅಂಗಿಯ ತೋಳು ಹರಿದಿತ್ತು, ಅವನ ಹಿಂದೆ ಅತ್ತಿ ಇದ್ದಳು. ಉಡಿಯಿಲ್ಲ, ಚೀಲವಿಲ್ಲ. ಆಯಿ ಹೊಸ್ತಿಲಲ್ಲಿ ಅವಳಿಗೆ ನೀರು ನಿವಾಳಿಸಿ ಚೆಲ್ಲಿ, ಏನನ್ನೂ ಕೇಳದೆ ಒಳಗೆ ಕರೆದುಕೊಂಡಳು. ಓಣಿಯ ಬಾಗಿಲುಗಳೆಲ್ಲ ತೆರೆದಿದ್ದವು. ನೋಡುವವರು ನೋಡಲಿ ಎಂದು ಆಯಿ ನಮ್ಮ ಬಾಗಿಲನ್ನೂ ತೆರೆದೇ ಇಟ್ಟಳು.

ಮರುದಿನ ಪಂಚಮಿ. ಅಪ್ಪ ಮುಂಜಾನೆಯೇ ತಾಮ್ರದ ಕೊಡ ತಂದು ಅತ್ತಿಯ ಮುಂದೆ ಇಟ್ಟ. ಹೊಸ ಕಾಗದ ಇಟ್ಟ. ಕಪಾಟಿನ ಮೇಲಿನ ಬಿಸ್ಕೀಟು ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ನಮ್ಮಿಂದ ಕಸಿದಿಟ್ಟ ಕಪ್ಪು ಬಿಲ್ಲೆಗಳನ್ನೆಲ್ಲ ಚಾಪೆಯ ಮೇಲೆ ಸುರಿದ.

"ತಗೋ ತಂಗಿ. ಹೆಂಗ ಬೇಕೋ ಹಂಗ ತಗಿ. ಅಳೂ ಮಾರಿ ತಗಿ."

ಅತ್ತಿ ಸೆರಗಿನೊಳಗಿಂದ ಬಲಗೈ ಹೊರತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಬೆರಳುಗಳು ಮಡಚಿದ್ದವು ಮಡಚಿದಂತೆಯೇ ಇದ್ದವು. ಒಂದೇ ಉಸಿರಿಗೆ ಮೋಡ ಹಾಕಿದ ಕೈ ಅದು. ನಾನು ಅಂದು ಮೊದಲ ಸಲ ದಾಳಿಂಬೆಯನ್ನು ಮರೆತೆ.

"ಒಂದ್ ವರ್ಷ ತಡಾ ಮಾಡಿದಿ ಅಣ್ಣಾ."

ಅಪ್ಪ ಅಲ್ಲೇ ಕುಕ್ಕರಿಸಿ, ನಮ್ಮೆಲ್ಲರ ಎದುರು, ಬಾಯಿ ತೆರೆದು ಅತ್ತ. ಅತ್ತಿ ಅಳಲಿಲ್ಲ, ಅವನಿಗೆ ಸಮಾಧಾನವನ್ನೂ ಹೇಳಲಿಲ್ಲ. ಅವನ ಅಳು ನಿಲ್ಲುವ ತನಕ ಕಾದು, ಎಡಗೈಯಿಂದ ಒಂದು ಕಪ್ಪು ಬಿಲ್ಲೆ ಹೆಕ್ಕಿ ನೀರಿನಲ್ಲಿ ಅದ್ದಿದಳು. ಕಿರುಬೆರಳು ಅಡ್ಡ ಬರುತ್ತಿತ್ತು. ಕುಂಚ ಬೇಡವೆಂದಳು. ಬಿಲ್ಲೆಯನ್ನೇ ಕಾಗದದ ಮೇಲೆ ಒತ್ತಿ ಎಳೆದಳು. ಗೆರೆ ನಡುಗುತ್ತ, ಸೊಟ್ಟಸೊಟ್ಟಾಗಿ ಹೋಯಿತು.

"ವಂಕ ಬರತೈತಿ," ಎಂದಳು. "ಬರ್ಲಿ."

ಅಪ್ಪ ತಿದ್ದಲಿಲ್ಲ.